ಸೈನಿಕನ ಹಿಂದಿದ್ದ ಬೆಟ್ಟಸಾಲು

ಯುದ್ಧಕಾಲದ ಹಳೆಯ ಚಿತ್ರವೊಂದು ಕಣ್ಣಿಗೆ ಬಿದ್ದರೆ ನಾನು ಮೊದಲು ಅದರ ಅಡಿಬರಹವನ್ನು ಒಂದು ಕಾಗದದ ತುಂಡಿನಿಂದ ಮುಚ್ಚುತ್ತೇನೆ. ಅಡಿಬರಹವನ್ನು ಒಮ್ಮೆ ಓದಿಬಿಟ್ಟರೆ, ಅದು ಹೇಳಿದ್ದಷ್ಟೇ ಚಿತ್ರದಲ್ಲಿ ಕಾಣತೊಡಗುತ್ತದೆ. ಈ ಅಭ್ಯಾಸ ನನಗೆ ಹತ್ತಿದ್ದು ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾ ಸ್ಪೇನಿನ ಅಂತರ್ಯುದ್ಧದಲ್ಲಿ ತೆಗೆದ, ಗುಂಡೇಟಿಗೆ ಹಿಂದಕ್ಕೆ ವಾಲುತ್ತಿರುವ ಸೈನಿಕನ ಪ್ರಸಿದ್ಧ ಚಿತ್ರದ ಸ್ಥಳ ಮತ್ತು ದಿನಾಂಕದ ಬಗ್ಗೆ ನಡೆದ ಚರ್ಚೆಯನ್ನು ಓದಿದ ಮೇಲೆ.

ಚಿತ್ರವನ್ನು ಬಹಳಷ್ಟು ಜನ ನೋಡಿರುತ್ತೀರಿ. ತಿಳಿಬಣ್ಣದ ಅಂಗಿ ತೊಟ್ಟು, ಸೊಂಟಕ್ಕೆ ತೋಟಾ ಚೀಲಗಳನ್ನು ಬಿಗಿದುಕೊಂಡ ಒಬ್ಬಾತ ಕೊಯ್ಲಾದ ಹೊಲದ ಇಳಿಜಾರಿನಲ್ಲಿ ಹಿಂದಕ್ಕೆ ಕುಸಿಯುತ್ತಿದ್ದಾನೆ. ಚಾಚಿದ ಬಲಗೈಯಿಂದ ಬಂದೂಕು ಜಾರುತ್ತಿದೆ. ಚೌಕಟ್ಟಿನ ಬಹುಭಾಗವೆಲ್ಲ ಆಕಾಶ. ಪ್ಯಾರಿಸ್ಸಿನ ‘ವ್ಯು’ ಪತ್ರಿಕೆ ಇದನ್ನು 1936ರ ಸೆಪ್ಟೆಂಬರ್ 23ರಂದು ಪ್ರಕಟಿಸಿತು, ಅಮೆರಿಕದ ‘ಲೈಫ್’ ಪತ್ರಿಕೆ 1937ರ ಜುಲೈ 12ರ ಸಂಚಿಕೆಯಲ್ಲಿ ಮತ್ತೆ ಅಚ್ಚು ಹಾಕಿತು. ಚಿತ್ರ ತೆಗೆದಾಗ ಕಾಪಾನಿಗೆ ಇನ್ನೂ 23 ತುಂಬಿರಲಿಲ್ಲ. ಕಾಲಾನಂತರ ಇದಕ್ಕೆ ಅಂಟಿಕೊಂಡ ಅಡಿಬರಹ ‘ಸೆರ್ರೊ ಮುರಿಯಾನೊ, 1936ರ ಸೆಪ್ಟೆಂಬರ್ 5’ ಎಂಬುದು. ಇದು ಯಾರೋ ಗಾಳಿಯಲ್ಲಿ ಕಟ್ಟಿದ ಮಾತಾಗಿರಲಿಲ್ಲ. ಅಂದು ಕೊರ್ಡೋಬಾ ನಗರದ ಉತ್ತರಕ್ಕಿರುವ ಆ ಊರಿನಲ್ಲಿ ಕದನ ನಡೆದದ್ದೂ ನಿಜ, ಕಾಪಾ ಮತ್ತು ಆತನ ಸಂಗಾತಿ ಗೆರ್ಡಾ ಟಾರೊ ಅಲ್ಲಿದ್ದು ಊರು ಬಿಟ್ಟು ಓಡುತ್ತಿದ್ದವರ ಚಿತ್ರಗಳನ್ನು ತೆಗೆದದ್ದೂ ನಿಜ. ಆ ಚಿತ್ರಗಳಿಗೆ ಸಲ್ಲಬೇಕಾದ ಊರು ಮತ್ತು ತಾರೀಖು ಅದೇ ಪ್ರವಾಸದ ಈ ಚಿತ್ರಕ್ಕೂ ಹರಡಿಕೊಂಡವು.

1990ರ ದಶಕದ ನಡುವಿನಲ್ಲಿ ಸೈನಿಕನಿಗೆ ಹೆಸರೂ ದೊರೆಯಿತು. ಆಲ್ಕೊಯ್ ಪಟ್ಟಣದ ಮಾರಿಯೊ ಬ್ರೊಟೊನ್ಸ್, ಸ್ವತಃ ಆ ಯುದ್ಧದಲ್ಲಿ ಹೋರಾಡಿದವರು, ಚಿತ್ರದಲ್ಲಿರುವ ತೋಟಾ ಚೀಲಗಳು ತಮ್ಮ ಊರಿನ ದಳದವರು ಬಳಸುತ್ತಿದ್ದ ಮಾದರಿಯವೆಂದು ಗುರುತಿಸಿದರು. ಸೆಪ್ಟೆಂಬರ್ 5ರಂದು ಸೆರ್ರೊ ಮುರಿಯಾನೊದಲ್ಲಿ ಸತ್ತ ಆಲ್ಕೊಯ್ ದಳದವನು ಒಬ್ಬನೇ, ಫೆಡೆರಿಕೊ ಬೊರೆಲ್ ಗಾರ್ಸಿಯಾ. ಆದ್ದರಿಂದ ಚಿತ್ರದಲ್ಲಿರುವವನು ಅವನೇ ಎಂಬುದು ಅವರ ತರ್ಕ. ತೋಟಾ ಚೀಲದಂಥ ಸಣ್ಣ ವಸ್ತುವನ್ನು ಹಿಡಿದು ಹೊರಟ ಅವರ ಕಣ್ಣನ್ನು ನಾನು ಮೆಚ್ಚುತ್ತೇನೆ. ಆದರೆ ತರ್ಕದ ಬುಡದಲ್ಲಿ ಒಂದು ತೊಡಕಿದೆ: ಸ್ಥಳ ಮತ್ತು ದಿನಾಂಕ ಸರಿಯೆಂದು ಮೊದಲೇ ಒಪ್ಪಿಕೊಂಡದ್ದರಿಂದ ಈ ಹೆಸರು ಸಿಕ್ಕಿತು, ಹೆಸರು ಸಿಕ್ಕಿದ್ದರಿಂದ ಸ್ಥಳ ಮತ್ತು ದಿನಾಂಕ ಇನ್ನಷ್ಟು ಗಟ್ಟಿಯಾದವು. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಎರಡು ಕೋಲುಗಳ ಹಾಗೆ; ಯಾವುದೂ ನೆಲದಲ್ಲಿ ಊರಿರಲಿಲ್ಲ. ಮುಂದೆ ಬೊರೆಲ್‌ನ ಸಾವಿನ ಬಗ್ಗೆ 1937ರ ಅರಾಜಕತಾವಾದಿ ಪತ್ರಿಕೆಯೊಂದರಲ್ಲಿ ಬಂದ ಬರಹ ಬೆಳಕಿಗೆ ಬಂತು. ಅದರ ಪ್ರಕಾರ ಅವನು ಗುಂಡು ತಗುಲಿದಾಗ ಒಂದು ಮರದ ಹಿಂದಿದ್ದ. ಕಾಪಾನ ಚಿತ್ರದಲ್ಲಿ ಮರವೇ ಇಲ್ಲ.

ಇಲ್ಲಿಂದ ಮುಂದಕ್ಕೆ ಮಾತಾಡುವುದು ನೆಲ. ಸೆರ್ರೊ ಮುರಿಯಾನೊ ಇರುವುದು ಸಿಯೆರಾ ಮೊರೇನಾ ಬೆಟ್ಟಪ್ರದೇಶದಲ್ಲಿ; ಅದು ಮರಗಿಡಗಳು ದಟ್ಟವಾಗಿರುವ ಸೀಮೆ. ಚಿತ್ರದ ಸೈನಿಕನ ಕಾಲಡಿಯಲ್ಲಿರುವುದು ಕೊಯ್ಲಿನ ಕೂಳೆ, ಅಂದರೆ ಕೊರ್ಡೋಬಾದ ದಕ್ಷಿಣಕ್ಕೆ ಅಲೆಯಲೆಯಾಗಿ ಹರಡಿರುವ ಬಯಲು ಹೊಲಗಳ ಲಕ್ಷಣ. ಬಾಸ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೊಸೆ ಮನುಯೆಲ್ ಸುಸ್ಪೆರ್ರೆಗಿಯವರು ಮಾಡಿದ ಜಾಣತನವೆಂದರೆ ಪ್ರಸಿದ್ಧ ಚಿತ್ರವನ್ನು ಬದಿಗಿಟ್ಟು ಅದರ ಮಗ್ಗುಲ ಚಿತ್ರಗಳನ್ನು ನೋಡಿದ್ದು. ಅದೇ ಇಳಿಜಾರಿನಲ್ಲಿ ಸೈನಿಕರು ಬಂದೂಕು ಎತ್ತಿ ಹಿಡಿದು ನಿಂತ, ಹಳ್ಳ ಹಾರುವ, ಗುರಿಯಿಟ್ಟು ಮಲಗಿದ ಇನ್ನಷ್ಟು ಚಿತ್ರಗಳಿವೆ. ಬೀಳುವ ಸೈನಿಕನ ಹಿಂದೆ ತೆಳುಗೆರೆಯಷ್ಟೇ ಕಾಣುವ ದಿಗಂತ ಅವುಗಳಲ್ಲಿ ಬೆಟ್ಟಸಾಲಾಗಿ ಬಿಡಿಸಿಕೊಳ್ಳುತ್ತದೆ.

ಬೆಟ್ಟಸಾಲಿನ ರೇಖೆಗೆ ಒಂದು ಗುಣವಿದೆ. ಚಾಮುಂಡಿಬೆಟ್ಟವನ್ನು ನಂಜನಗೂಡಿನ ದಾರಿಯಿಂದ ನೋಡಿದರೆ ಒಂದು ಆಕಾರ, ಮೈಸೂರಿನ ಒಳಗಿಂದ ನೋಡಿದರೆ ಇನ್ನೊಂದು. ನಿಂತ ಜಾಗ ಬದಲಾದ ಹಾಗೆ ಏರುತಗ್ಗುಗಳ ಜೋಡಣೆಯೂ ಬದಲಾಗುತ್ತದೆ. ಹೀಗಾಗಿ ರೇಖೆ ಹೊಂದಿದರೆ ಬೆಟ್ಟ ಯಾವುದು ಎಂಬುದರ ಜೊತೆಗೆ ಛಾಯಾಗ್ರಾಹಕ ಎಲ್ಲಿ ನಿಂತಿದ್ದ ಎಂಬುದೂ ತಿಳಿಯುತ್ತದೆ. ಸುಸ್ಪೆರ್ರೆಗಿಯವರು ಈ ಹಿನ್ನೆಲೆಯ ಚಿತ್ರಗಳನ್ನು ಕೊರ್ಡೋಬಾ ಸುತ್ತಲಿನ ಊರುಗಳಿಗೆ ಕಳುಹಿಸಿ, ಈ ನೋಟ ಯಾರಿಗಾದರೂ ಪರಿಚಿತವೇ ಎಂದು ವಿಚಾರಿಸಿದರು. ಎಸ್ಪೆಹೊ ಎಂಬ ಊರಿನ ಶಾಲೆಯ ಮೇಷ್ಟರೊಬ್ಬರು ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ವಿದ್ಯಾರ್ಥಿಯೊಬ್ಬ ಅದನ್ನು ಗುರುತಿಸಿದ. 70 ವರ್ಷ ವಿದ್ವಾಂಸರ ಕಣ್ಣು ತಪ್ಪಿಸಿದ ಬೆಟ್ಟ ಆ ಹುಡುಗನ ಮಟ್ಟಿಗೆ ದಿನವೂ ಕಾಣುವ ಬೆಟ್ಟವಾಗಿತ್ತು. 2009ರಲ್ಲಿ ಈ ಶೋಧ ಪ್ರಕಟವಾಯಿತು. ಎಸ್ಪೆಹೊ ಇರುವುದು ಸೆರ್ರೊ ಮುರಿಯಾನೊದಿಂದ ಸುಮಾರು 50 ಕಿ.ಮೀ. ದೂರದಲ್ಲಿ.

ಸ್ಥಳ ಕದಲಿದೊಡನೆ ಉಳಿದವೂ ಕದಲಿದವು. ಬೊರೆಲ್ ಸತ್ತದ್ದು ಸೆರ್ರೊ ಮುರಿಯಾನೊದಲ್ಲಾದ್ದರಿಂದ ಈತ ಬೊರೆಲ್ ಆಗಿರಲಾರ. ಎಸ್ಪೆಹೊದಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ಕದನವಿರಲಿಲ್ಲ. ಅಲ್ಲಿ ಹೋರಾಟ ನಡೆದದ್ದು 22ರ ಸುಮಾರಿಗೆ. ಹಾಗಾದರೆ ಚಿತ್ರ ಆ ಹೋರಾಟದ್ದೇ ಇರಬಹುದಲ್ಲ ಎಂದು ಕೇಳಬಹುದು. ಅದಕ್ಕೆ ‘ವ್ಯು’ ಸಂಚಿಕೆಯ ತಾರೀಖೇ ಅಡ್ಡ ಬರುತ್ತದೆ: 23ಕ್ಕೆ ಪ್ಯಾರಿಸ್ಸಿನಲ್ಲಿ ಅಚ್ಚಾಗಿ ಹೊರಬಂದ ಚಿತ್ರದ ಫಿಲ್ಮ್ ಕೊರ್ಡೋಬಾ ಇರುವ ಆಂಡಲೂಸಿಯಾದಿಂದ ಅಲ್ಲಿಗೆ ತಲುಪಿ, ತೊಳೆಯಲ್ಪಟ್ಟು, ಪುಟಕ್ಕೆ ಏರಲು ಕೆಲವು ದಿನಗಳಾದರೂ ಬೇಕು. ಚಿತ್ರದ ದಿನಾಂಕದ ಬಗ್ಗೆ ನಮ್ಮಲ್ಲಿರುವ ಅತ್ಯಂತ ಗಟ್ಟಿಯಾದ ಮಿತಿ ಇದೇ ಎಂದು ನನಗೆ ಅನ್ನಿಸುತ್ತದೆ.

ಅದೇ ಪುಟದಲ್ಲಿ ಇನ್ನೊಬ್ಬ ಬೀಳುವ ಸೈನಿಕನ ಚಿತ್ರವೂ ಇತ್ತು. ಬೇರೆ ಮನುಷ್ಯ, ಹೆಚ್ಚುಕಡಿಮೆ ಅದೇ ಜಾಗ, ಅದೇ ಮೋಡಗಳು. ಒಂದೇ ಹೊತ್ತಿನಲ್ಲಿ, ಒಂದೇ ಗೇಣು ನೆಲದಲ್ಲಿ ಇಬ್ಬರು ಸತ್ತು ಕ್ಯಾಮೆರಾ ಎರಡು ಬಾರಿಯೂ ಅಲ್ಲಿಯೇ ಸಿದ್ಧವಾಗಿತ್ತೆಂದು ನಂಬುವುದು ನನಗೆ ಕಷ್ಟ. ಆದರೂ ಇಡೀ ಚಿತ್ರವನ್ನು ಬರೀ ನಟನೆ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಕದನವಿಲ್ಲದ ಕಡೆಯಲ್ಲಿಯೂ ದೂರದಿಂದ ಒಂದು ಗುಂಡು ಬರಬಹುದು. ಜೊತೆಗೆ ಆತನ ಎಡಗೈಯ ಬೆರಳುಗಳು ಒಳಮಡಚಿ ಸಡಿಲವಾಗಿರುವುದು ಬೇಕೆಂದು ಬಿದ್ದವನ ಲಕ್ಷಣವಲ್ಲವೆಂದು ಕೊಲೆ ಪ್ರಕರಣಗಳ ತನಿಖೆ ಮಾಡಿದ್ದ ಅಧಿಕಾರಿಯೊಬ್ಬರು ಅಭಿಪ್ರಾಯಪಟ್ಟಿದ್ದರು. ಕಾಪಾ ಸ್ವತಃ 1947ರ ರೇಡಿಯೊ ಸಂದರ್ಶನದಲ್ಲಿ, ಕಂದಕದೊಳಗಿಂದ ಕ್ಯಾಮೆರಾವನ್ನು ತಲೆಯ ಮೇಲಕ್ಕೆತ್ತಿ, ನೋಡದೆಯೇ ಗುಂಡಿ ಒತ್ತಿದೆನೆಂದು ಹೇಳಿದ್ದ. ಎದುರಿಗೆ ಮಷಿನ್‌ಗನ್ ಇತ್ತೆಂದೂ ಹೇಳಿದ್ದ. ಎಸ್ಪೆಹೊದ ಆ ನಿಶ್ಶಬ್ದ ಇಳಿಜಾರಿಗೆ ಈ ಮಾತು ಹೊಂದುವುದಿಲ್ಲ.

ನೆಗೆಟಿವ್‌ಗಳು ಅನುಕ್ರಮವಾಗಿ ದೊರೆತಿದ್ದರೆ ಯಾವುದರ ನಂತರ ಯಾವುದೆಂದು ತಿಳಿಯುತ್ತಿತ್ತು. ಮೆಕ್ಸಿಕೊದಲ್ಲಿ ಉಳಿದಿದ್ದ, ಕಾಪಾ ಮತ್ತು ಸಂಗಡಿಗರು ತೆಗೆದ ಸ್ಪೇನ್ ಯುದ್ಧದ ಸುಮಾರು 4,500 ನೆಗೆಟಿವ್‌ಗಳ ಪೆಟ್ಟಿಗೆಗಳು 2007ರ ಕೊನೆಯಲ್ಲಿ ನ್ಯೂಯಾರ್ಕ್ ತಲುಪಿದಾಗ ಎಲ್ಲರೂ ಮೊದಲು ಹುಡುಕಿದ್ದು ಇದನ್ನೇ. ಅದರಲ್ಲಿ ಅದು ಇರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಈ ಚಿತ್ರದ ಕೆಳಗೆ ‘ಎಸ್ಪೆಹೊ, 1936ರ ಸೆಪ್ಟೆಂಬರ್, 23ಕ್ಕಿಂತ ಕೆಲವು ದಿನಗಳಾದರೂ ಮುಂಚೆ’ ಎಂದು ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.