ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಪ್ರಾಜೆಕ್ಟ್ ವರದಿ ಬರೆಯಬೇಕಿದ್ದ ವರ್ಷ ಗ್ರಂಥಪಾಲಕಿ ಮೇಡಂ ಇಂಟರ್ನೆಟ್ಟಿನಲ್ಲಿ ಹುಡುಕುವುದನ್ನು ಕಲಿಸುತ್ತೇನೆಂದು ಹೊರಟಾಗ ನಾವು ಒಳಗೊಳಗೇ ನಕ್ಕಿದ್ದೆವು. ಟೈಪ್ ಮಾಡಿ ಎಂಟರ್ ಒತ್ತುವುದಕ್ಕೂ ಪಾಠವೇ? ಅವರೋ ಮೊದಲ ತರಗತಿಯಲ್ಲಿ ಕಂಪ್ಯೂಟರ್ ಮುಟ್ಟಲೇ ಬಿಡಲಿಲ್ಲ. "ನಿಮ್ಮ ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ. ಇದಕ್ಕೆ ಉತ್ತರ ಯಾರ ಬಳಿ ಇದ್ದೀತು, ಅವರು ಅದನ್ನು ಯಾವ ಮಾತಿನಲ್ಲಿ ಬರೆದಿಟ್ಟಾರು ಎಂದು ಪಕ್ಕದಲ್ಲಿ ಬರೆಯಿರಿ" ಎಂದರು.

ನನ್ನ ವಿಷಯ ನಿದ್ರೆ ಮತ್ತು ನೆನಪು. ನಿದ್ದೆ ಮಾಡಿದರೆ ಓದಿದ್ದು ನೆನಪಿರುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಬಂದವರು ಹಾಸಿಗೆ ಮಾರುವವರು, ಮಾತ್ರೆ ಮಾರುವವರು, ಪರೀಕ್ಷೆಗೆ ಹತ್ತು ಸೂತ್ರ ಹೇಳುವವರು. ಮೇಡಂ ಹಿಂದೆ ನಿಂತು ನೋಡಿ, "ಸಂಶೋಧಕರು ಇದನ್ನು ಏನೆಂದು ಕರೆಯುತ್ತಾರೆ? ಮೊದಲು ಅದನ್ನು ಹಿಡಿ" ಎಂದರು. ವಿಕಿಪೀಡಿಯ ತೆರೆಸಿದ್ದು ಉತ್ತರಕ್ಕಾಗಿ ಅಲ್ಲ, ಆ ಕ್ಷೇತ್ರದ ಪರಿಭಾಷೆಗೆ ಮತ್ತು ಪುಟದ ಅಡಿಯಲ್ಲಿದ್ದ ಆಕರಗಳಿಗೆ. ಅಲ್ಲಿ ಸಿಕ್ಕ 'ಮೆಮೊರಿ ಕನ್ಸಾಲಿಡೇಶನ್' (ಹೊಸ ನೆನಪು ಗಟ್ಟಿಯಾಗಿ ನೆಲೆಯೂರುವುದು) ಎಂಬುದನ್ನು, ಅದೇ ಪದಗಳು ಅದೇ ಕ್ರಮದಲ್ಲಿ ಸಿಗಲೆಂದು, ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಇಂಗ್ಲಿಷಿನಲ್ಲಿ ಹುಡುಕಿದಾಗ ಹಾಸಿಗೆ ಅಂಗಡಿಗಳೆಲ್ಲ ಬಾಗಿಲು ಮುಚ್ಚಿದವು.

ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ, 2004ರಲ್ಲಿ ಬಂದಿದ್ದ ಗೂಗಲ್ ಸ್ಕಾಲರ್ ಹೆಸರನ್ನೂ ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಲ್ಲ. ಪ್ರಬಂಧದ ಕೊನೆಯ ಆಕರಪಟ್ಟಿ ಹಿಡಿದರೆ ಹಿಂದಕ್ಕೆ ಹೋಗಬಹುದು. ಸ್ಕಾಲರ್‌ನಲ್ಲಿ ಅದನ್ನು ಉಲ್ಲೇಖಿಸಿದವರ ಪಟ್ಟಿ ತೆರೆದರೆ ಮುಂದಕ್ಕೆ. ಯಾವುದೋ ಲೇಖನದ "ಸಂಶೋಧನೆಯಿಂದ ಸಾಬೀತಾಗಿದೆ" ಎಂಬ ಸಾಲಿನ ಬೆನ್ನುಹತ್ತಿ ಹಿಂದಕ್ಕೆ ಹೋಗುತ್ತ ಹೋಗುತ್ತ ನಾನು ತಲುಪಿದ್ದು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ, 1, 2, 4, 8 ಗಂಟೆಗಳ ಬಳಿಕ ಎಷ್ಟು ಉಳಿದಿದೆ ಎಂದು ನೋಡಿದ್ದರು. ಒಮ್ಮೆ ಆ ಹೊತ್ತನ್ನು ನಿದ್ದೆಯಲ್ಲಿ ಕಳೆದಾಗ, ಒಮ್ಮೆ ಎಚ್ಚರದಲ್ಲಿ. ನಿದ್ದೆ ಮಾಡಿದಾಗ ಮರೆವು ಕಡಿಮೆ. ಪ್ರಯೋಗಕ್ಕೆ ಕುಳಿತವರು ಎಷ್ಟು ಜನ? ಇಬ್ಬರು! ಓಡಿ ಹೋಗಿ ಮೇಡಂಗೆ ತೋರಿಸಿದೆ. "ಇಬ್ಬರೇ ಎಂದು ತಳ್ಳಿಹಾಕಬೇಡ. ಇಬ್ಬರು ಎಂದೇ ಬರೆ, ಆಮೇಲೆ ಮುಂದಕ್ಕೆ ಬಾ" ಎಂದರು. ಮುಂದಕ್ಕೆ ಬಂದರೆ ದೊಡ್ಡ ಪ್ರಯೋಗಗಳು, ತಕರಾರುಗಳು, ನಿದ್ರೆಯ ಯಾವ ಹಂತ ಯಾವ ಬಗೆಯ ನೆನಪಿಗೆ ಎಂಬ ಜಗಳ. ವರದಿಯಲ್ಲಿ ಓದುವಂತಿದ್ದದ್ದು ಆ ಭಾಗ ಮಾತ್ರ ಎಂದು ಈಗಲೂ ಅನ್ನಿಸುತ್ತದೆ.

ಚಿಹ್ನೆಗಳ ಪಾಠವನ್ನು ಅವರು ಬೇಗ ಮುಗಿಸಿದರು. ಬೇಡದ ಪದಕ್ಕೆ ಅಂಟಿಸಿ ಮೈನಸ್. ಒಂದೇ ತಾಣದೊಳಗೆ ಹುಡುಕಲು 'ಸೈಟ್' ಎಂದು ಇಂಗ್ಲಿಷಿನಲ್ಲಿ ಬರೆದು ಕೋಲನ್ ಹಾಕಿ, ಜಾಗ ಬಿಡದೆ ತಾಣದ ವಿಳಾಸ. "ಇವೆಲ್ಲ ನಾಳೆ ಬದಲಾಗುತ್ತವೆ" ಎಂದಿದ್ದರು. ಹಾಗೆಯೇ ಆಯಿತು. ಈ ಪದ ಇರಲೇಬೇಕು ಎನ್ನಲು ನಾವು ಕಲಿತ ಪ್ಲಸ್ ಚಿಹ್ನೆಯನ್ನು ಗೂಗಲ್ 2011ರಲ್ಲಿ ಕೈಬಿಟ್ಟಿತು. ಪುಟದ ಹಳೆಯ ಪ್ರತಿ ತೋರಿಸುತ್ತಿದ್ದ ಕೊಂಡಿಯೂ 2024ರಲ್ಲಿ ಹೋಯಿತು. ಅದಕ್ಕೀಗ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್ನೇ ಗತಿ. ಕನ್ನಡದಲ್ಲಿ ಹುಡುಕುವವರಿಗೆ ಬೇರೆಯದೇ ಪೇಚು: ಉದ್ಧರಣ ಚಿಹ್ನೆಯೊಳಗೆ 'ನಿದ್ರೆ' ಎಂದಷ್ಟೇ ಹಾಕಿದರೆ 'ನಿದ್ದೆ', 'ನಿದ್ರೆಯಲ್ಲಿ' ತಪ್ಪಿಹೋಗಬಹುದು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಪುಟಗಳಂತೂ ಕಣ್ಣಿಗೆ ಕನ್ನಡ, ಹುಡುಕುವ ಯಂತ್ರಕ್ಕೆ ಚಿತ್ರವಿಚಿತ್ರ ಗುರುತುಗಳು.

ಒಂದು ದಿನ ಮೇಡಂ ಮರದ ಮೇಲೆ ವಾಸಿಸುವ ಆಕ್ಟೋಪಸ್ಸನ್ನು ಉಳಿಸಿ ಎಂದು ಸಾರುವ ತಾಣ ತೆರೆದರು. 1998ರಲ್ಲಿ ಯಾರೋ ತಮಾಷೆಗೆ ಹುಟ್ಟುಹಾಕಿದ್ದು. ಚಿತ್ರಗಳಿವೆ, ಆವಾಸದ ವಿವರವಿದೆ, ಗಂಭೀರ ಭಾಷೆಯಿದೆ. ನಾವು ಪುಟವನ್ನು ಅಳೆದು ಸುರಿದು ನೋಡುತ್ತಿದ್ದೆವು. ಅವರು ಇನ್ನೊಂದು ಕಿಟಕಿ ತೆರೆದು, ಈ ತಾಣದ ಬಗ್ಗೆ ಬೇರೆಯವರು ಏನೆನ್ನುತ್ತಾರೆಂದು ಹುಡುಕಿದರು. ಮರುಕ್ಷಣವೇ ಬಣ್ಣ ಬಯಲಾಯಿತು. ಎಷ್ಟೋ ವರ್ಷದ ಮೇಲೆ ಸ್ಟ್ಯಾನ್‌ಫರ್ಡ್‌ನ ವೈನ್‌ಬರ್ಗ್ ಮತ್ತು ಮೆಕ್‌ಗ್ರೂ ಅವರ ಅಧ್ಯಯನ ಓದಿದೆ. ಇತಿಹಾಸಕಾರರೂ ವಿದ್ಯಾರ್ಥಿಗಳೂ ಅಪರಿಚಿತ ತಾಣದೊಳಗೇ ಸುತ್ತುತ್ತ ಮೋಸಹೋಗುತ್ತಿದ್ದರೆ, ವೃತ್ತಿಪರ ಸತ್ಯಶೋಧಕರು ಬೇಗನೆ ಹೊರಬಂದು ಅಕ್ಕಪಕ್ಕ ವಿಚಾರಿಸುತ್ತಿದ್ದರಂತೆ. ಮೇಡಂ ಮಾಡಿಸಿದ್ದೂ ಅದನ್ನೇ.

ಈಗ ಯಂತ್ರವೇ ಉತ್ತರವನ್ನು ಪ್ಯಾರಾ ಮಾಡಿ ಬಡಿಸುತ್ತದೆ, ಕೆಲವೊಮ್ಮೆ ಇಲ್ಲದ ಪ್ರಬಂಧದ ಹೆಸರಿನ ಸಮೇತ. ಅಂಥ ಹೆಸರು ಕಂಡರೆ ಸ್ಕಾಲರ್‌ನಲ್ಲಿ ಹಾಕಿ ನೋಡುತ್ತೇನೆ, ಪ್ರಬಂಧವನ್ನು ಗುರುತಿಸಲು ಕೊಡುವ ಡಿಒಐ ಎಂಬ ಶಾಶ್ವತ ಸಂಖ್ಯೆ ಇದ್ದರೆ ಅದನ್ನೂ ತೆರೆಯುತ್ತೇನೆ. ಅಲ್ಲಿ ಸಂಬಂಧವೇ ಇಲ್ಲದ ಬೇರೊಂದು ವಿಷಯದ ಪ್ರಬಂಧ ಎದುರಾದದ್ದೂ ಉಂಟು.