ಕೊಳೆ ಮದ್ದಿನ ದಿನಗಳಲ್ಲಿ ಹತ್ತನೆಯ ತರಗತಿಯ ಮೊದಲ ಪಾಠ

ಶಿರಸಿ, 2025 ಜೂನ್ 4, ಬುಧವಾರ

ಮುಂಗಾರು ಈ ವರ್ಷ ಮೇ 24ಕ್ಕೇ ಕೇರಳವನ್ನು ಮುಟ್ಟಿ, ಹಿಂದೆಯೇ ನಮ್ಮ ಘಟ್ಟವನ್ನೂ ಏರಿಬಿಟ್ಟಿತು. ಹೀಗಾಗಿ ಮಳೆಗೆ ಮೊದಲೇ ಮುಗಿಯಬೇಕಾಗಿದ್ದ, ಅಡಿಕೆಯ ಕೊಳೆ ರೋಗವನ್ನು ತಡೆಯುವ ಮದ್ದಿನ ಮೊದಲ ಸಿಂಪಡಣೆ ಸುತ್ತಲಿನ ಹಲವು ಅಡಿಕೆ ತೋಟಗಳಲ್ಲಿ ಹಿಂದೆ ಬಿದ್ದಿದೆ. ಈಗ ಮಳೆ ತುಸು ಹೊಳವಾಗಿರುವುದರಿಂದ ಎಲ್ಲರಿಗೂ ಒಟ್ಟಿಗೇ ಅವಸರ. ಇಂದು ಹತ್ತನೆಯ ತರಗತಿಯ ಹಾಜರಿ ಕರೆದಾಗ ಹಿಂದಿನ ಬೆಂಚುಗಳು ಖಾಲಿಯಾಗಿದ್ದವು. ಕಾರಣ ಕೇಳುವ ಅಗತ್ಯವೇ ಇರಲಿಲ್ಲ. ಕೆಲವರು ಮನೆಯಲ್ಲಿ ಬ್ಯಾರಲ್ಲಿನ ಬಳಿ ಮದ್ದು ಕದಡುತ್ತಿದ್ದರು, ಇನ್ನು ಕೆಲವರು ತೋಟದಲ್ಲಿ ಪೈಪು ಎಳೆಯುತ್ತಿದ್ದರು.

ಕೃಷಿ ವಿಜ್ಞಾನವೆಂಬ ಪ್ರತ್ಯೇಕ ವಿಷಯ ನಮ್ಮ ಪ್ರೌಢಶಾಲೆಯಲ್ಲಿಲ್ಲ. ಎಂಟನೆಯ ತರಗತಿಯಲ್ಲಿ ಬೆಳೆಗಳ ಕುರಿತು ಒಂದು ಅಧ್ಯಾಯ, ಒಂಬತ್ತರಲ್ಲಿ ಆಹಾರ ಸಂಪನ್ಮೂಲಗಳ ಕುರಿತು ಇನ್ನೊಂದು ಇವೆಯಾದರೂ, ಅಲ್ಲಿನ ಉದಾಹರಣೆಗಳು ಹೆಚ್ಚಾಗಿ ಗೋಧಿ, ಭತ್ತ, ದ್ವಿದಳ ಧಾನ್ಯಗಳವು. ನಮ್ಮ ಸೀಮೆಯ ಮಕ್ಕಳಿಗೆ ನಿಜವಾದ ಕೃಷಿ ಪಾಠ ಅಡಗಿರುವುದು ಹತ್ತನೆಯ ತರಗತಿಯ ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ಸುಟ್ಟ ಸುಣ್ಣಕ್ಕೆ ನೀರು ಹಾಕುವುದು, ಮೈಲುತುತ್ತದ (ತಾಮ್ರದ ಸಲ್ಫೇಟಿನ) ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಡುವುದು, ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿ ಗಟ್ಟಿಯಾಗುವುದು, ಮೂರೂ ಆ ಒಂದೇ ಅಧ್ಯಾಯದಲ್ಲಿವೆ. ಶಾಲೆ ಆರಂಭವಾಗಿ ಅದನ್ನು ತೆರೆಯುವ ಹೊತ್ತಿಗೆ ಊರಿನ ಅಂಗಳಗಳಲ್ಲೆಲ್ಲ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಅಂದರೆ ಕೊಳೆ ಮದ್ದು, ತಯಾರಾಗುತ್ತಿರುತ್ತದೆ. ಪಠ್ಯ ರಚಿಸಿದವರು ಶಿರಸಿಯನ್ನು ನೆನೆದಿರಲಾರರು, ಆದರೂ ಇಷ್ಟು ಚೆನ್ನಾಗಿ ಹೊಂದಿಕೊಂಡಿರುವಾಗ ಬಿಡುವುದೇಕೆ?

ಶೇಕಡಾ 1ರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬಾಯಿಪಾಠವಾಗಿದೆ. ಅದನ್ನೇ ಒಂದು ಲೀಟರಿಗೆ ಇಳಿಸಲು ಹೇಳಿದೆ. ಹತ್ತು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿದೆವು. ಸುಟ್ಟ ಸುಣ್ಣದ ಮೇಲೆ ನೀರು ಹನಿಸಿದಾಗ ಅದು ಸುಸ್ಸೆಂದು ಬಿರಿದು, ಪಾತ್ರೆ ಕೈ ಇಡಲಾರದಷ್ಟು ಬಿಸಿಯಾಯಿತು. ‘ಬಹಿರುಷ್ಣಕ ಕ್ರಿಯೆ’ ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಸಾಕಾಯಿತು. ಆರಿದ ಸುಣ್ಣವನ್ನು ಉಳಿದರ್ಧ ಲೀಟರಿನಲ್ಲಿ ಕದಡಿ ಸೋಸಿ, ನೀಲಿ ದ್ರಾವಣವನ್ನು ಸುಣ್ಣದ ಹಾಲಿಗೆ ಸಣ್ಣಗೆ ಸುರಿಯುತ್ತ ಕದಡಿದಾಗ ಗಾಜಿನ ಬೀಕರಿನಲ್ಲಿ ಲೋಳೆಯಂಥ ತಿಳಿನೀಲಿ ಪ್ರಕ್ಷೇಪ ತುಂಬಿಕೊಂಡಿತು. ಬ್ಯಾರಲ್ಲಿನಲ್ಲಿ ಮೇಲ್ಮೈ ಮಾತ್ರ ಕಾಣುವುದರಿಂದ ಇದನ್ನು ಬದಿಯಿಂದ ನೋಡುವುದು ಅವರಿಗೂ ಹೊಸತು.

ಇನ್ನೊಂದು ಬೀಕರಿನಲ್ಲಿ ಬೇಕೆಂದೇ ಸುಣ್ಣವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದ್ದೆ. ಅದು ಸರಿಯಿದೆಯೇ ಎಂದು ತಿಳಿಯುವುದು ಹೇಗೆಂದು ಕೇಳಿದಾಗ ಹುಡುಗನೊಬ್ಬ ಎದ್ದು, “ಕತ್ತಿ ಅದ್ದಿ ನೋಡ್ಬೇಕು ಸರ್, ಕೆಂಪಾದ್ರೆ ಇನ್ನೂ ಸುಣ್ಣ ಬೇಕು ಅಂತ ಅಪ್ಪಯ್ಯ ಹೇಳ್ತಾರೆ” ಎಂದ. ಏಕೆ ಕೆಂಪಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ಅಪ್ಪಯ್ಯನೂ ಹೇಳಿರಲಿಲ್ಲ. ತಿಕ್ಕಿ ಬೆಳಗಿಸಿದ ಚಾಕುವನ್ನು ಎರಡೂ ಬೀಕರುಗಳಲ್ಲಿ ಒಂದಾದ ಮೇಲೊಂದರಂತೆ ಅದ್ದಿದೆವು. ಮೊದಲನೆಯದರಲ್ಲಿ ಅದು ಹಾಗೆಯೇ ಉಳಿಯಿತು, ಎರಡನೆಯದರಲ್ಲಿ ಅಲಗಿನ ತುದಿಗೆ ತಾಮ್ರದ ಬಣ್ಣ ಹತ್ತಿತು. ಕಬ್ಬಿಣ ತಾನು ದ್ರಾವಣಕ್ಕಿಳಿದು ತಾಮ್ರವನ್ನು ಹೊರದಬ್ಬುವ ಸ್ಥಾನಪಲ್ಲಟ ಕ್ರಿಯೆಯೇ ಇದು. ಪುಸ್ತಕದಲ್ಲಿ ಮೊಳೆ, ಅಂಗಳದಲ್ಲಿ ಕತ್ತಿ. ಸುಣ್ಣದೊಡನೆ ಕೂಡದೆ ಉಳಿದ ಈ ಬಿಡಿ ತಾಮ್ರವೇ ಎಳೆಗಾಯಿಯನ್ನೂ ಸಿಂಗಾರವನ್ನೂ (ಅಡಿಕೆಯ ಹೂಗೊಂಚಲನ್ನೂ) ಸುಡುತ್ತದೆ. ಮದ್ದನ್ನು ಕಬ್ಬಿಣದ ಡಬ್ಬಿಯಲ್ಲಿ ಕದಡಬಾರದೆಂಬ ಮನೆಯ ನಿಯಮಕ್ಕೂ ಕಾರಣ ಇದೇ ಎಂದು ಮಕ್ಕಳು ತಾವಾಗಿಯೇ ಹೇಳಿದರು. ಅಳತೆ ಸರಿಯಾಗಿದ್ದರೂ ಹಳೆಯ ಸುಣ್ಣ ಹಾಕಿದರೆ ಕತ್ತಿ ಕೆಂಪಾಗುವುದೇಕೆಂಬ ಪ್ರಶ್ನೆಗೆ ಉತ್ತರ ಬರಲು ಹೊತ್ತು ಹಿಡಿಯಿತು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಡುವುದನ್ನು ಅವರು ಗೋಡೆಯ ಪ್ರಸಂಗದಲ್ಲಿ ಓದಿದ್ದರು, ಚೀಲದ ಸುಣ್ಣಕ್ಕೆ ಮಾತ್ರ ಹೊಂದಿಸಿ ನೋಡಿರಲಿಲ್ಲ.

ಮದ್ದು ಮಳೆಗೆ ಮೊದಲೇ ಏಕೆ ಎಂಬುದನ್ನೂ ಹೇಳಬೇಕಾಗಿತ್ತು. ಕೊಳೆ ರೋಗ ತರುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಸಾಮಾನ್ಯ ಶಿಲೀಂಧ್ರವಲ್ಲ. ಅದರ ಚಲಬೀಜಕಗಳು ಕಾಯಿಯ ಮೇಲಿನ ತೆಳು ನೀರಿನ ಪದರದಲ್ಲಿ ಈಜಿಕೊಂಡು ಹೋಗಿ ಒಳಹೊಗುತ್ತವೆ. ಒಳಹೊಕ್ಕ ಮೇಲೆ ತಾಮ್ರದಿಂದ ಪ್ರಯೋಜನವಿಲ್ಲ, ಕೊಳೆತ ಅಡಿಕೆಯನ್ನು ಅದು ವಾಸಿಮಾಡುವುದಿಲ್ಲ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲೆಂದು ಬಳಿದಿದ್ದ ನೀಲಿ ಮಿಶ್ರಣ ರೋಗವನ್ನೂ ತಡೆದದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ 1885ರಲ್ಲಿ ಪ್ರಕಟಿಸಿದ ಕಥೆಗೆ ಮಕ್ಕಳು ನಕ್ಕರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆ ರೋಗವನ್ನು ಅಭ್ಯಸಿಸಿ ಇದೇ ಮಿಶ್ರಣವನ್ನು ಅಡಿಕೆಗೆ ತಂದರು. ಅದಕ್ಕೆ ಮೊದಲು ಅಡಿಕೆ ಗೊನೆಗಳಿಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟುವುದೇ ಉಪಾಯವಾಗಿತ್ತು, ಕೆಲವರು ಈಗಲೂ ಕಟ್ಟುತ್ತಾರೆ.

ಇಷ್ಟು ಹೊತ್ತೂ ಮಾತಾಡಿದವರು ತೋಟವಿರುವ ಮನೆಗಳ ಮಕ್ಕಳು. ಮದ್ದು ಹೊಡೆಯಲು ಮರ ಹತ್ತುವವರ ಮಗಳು ಕೊನೆಯಲ್ಲಿ ಕೇಳಿದಳು: ಸಂಜೆ ಅಪ್ಪನ ಕಣ್ಣು ಉರಿಯುವುದು ಮೈಲುತುತ್ತದಿಂದಲೋ, ಸುಣ್ಣದಿಂದಲೋ? ಎರಡೂ ಕಣ್ಣಿಗೆ ಒಗ್ಗುವಂಥವಲ್ಲವೆಂದೂ, ಸುಣ್ಣ ಪ್ರತ್ಯಾಮ್ಲವಾದ್ದರಿಂದ ಬಿದ್ದೊಡನೆ ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕೆಂದೂ, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕೆಂದೂ ಹೇಳಿದೆ. ಮದ್ದಿನ ಪ್ರಮಾಣದ ಲೆಕ್ಕದಷ್ಟೇ ಇದೂ ಕೃಷಿ ವಿಜ್ಞಾನ. ಪರೀಕ್ಷೆಗೆ ಬರುವುದಿಲ್ಲವೆಂಬ ಕಾರಣಕ್ಕೆ ನಾವು ಇದನ್ನು ಕಲಿಸದಿರುವುದು ನನಗೆ ಸರಿಕಾಣುವುದಿಲ್ಲ. ಮಕ್ಕಳಿಗೆ ತೋಟ ಮಾಡುವುದನ್ನು ಶಾಲೆ ಕಲಿಸಬೇಕಾಗಿಲ್ಲ, ಅದರಲ್ಲಿ ಅವರು ನನಗಿಂತ ಮುಂದಿದ್ದಾರೆ. ಅಳೆದು ನೋಡುವುದು, ಏಕೆಂದು ಕೇಳುವುದು, ಇವೆರಡನ್ನು ಕಲಿಸಿದರೆ ಶಾಲೆಯ ಪಾಲು ಸಂದಿತು.

ಗಂಟೆ ಹೊಡೆಯುವ ಮುನ್ನ ಇನ್ನೊಬ್ಬ ಕೇಳಿದ್ದು ಎಲ್ಲಕ್ಕಿಂತ ಕಠಿಣವಾಗಿತ್ತು: ವರ್ಷವೂ ಹೊಡೆದ ತಾಮ್ರ ಎಲ್ಲಿ ಹೋಗುತ್ತದೆ? ಅಣುತೂಕದ ಪ್ರಕಾರ ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಅದು ಕೊಳೆತು ಇಲ್ಲವಾಗುವ ವಸ್ತುವಲ್ಲ, ಹೆಚ್ಚಿನ ಪಾಲು ಮಣ್ಣಿಗೇ ಸೇರುತ್ತದೆ. ಯುರೋಪಿನಲ್ಲಿ ಇದೇ ಕಾರಣಕ್ಕೆ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ತಾಮ್ರವೆಂಬ ಮಿತಿ ಹಾಕಿದ್ದಾರೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಪರೀಕ್ಷಿಸುವ ಹನ್ನೆರಡು ಅಂಶಗಳಲ್ಲಿ ತಾಮ್ರವೂ ಒಂದಾದ್ದರಿಂದ, ಮನೆಯಲ್ಲಿ ಚೀಟಿಯಿದ್ದವರು ಸೋಮವಾರ ತರಬೇಕೆಂದಿದ್ದೇನೆ. ಅದರಲ್ಲಿರುವುದು ಗಿಡಕ್ಕೆ ದಕ್ಕುವ ತಾಮ್ರದ ಪ್ರಮಾಣ, ಮಣ್ಣಿನಲ್ಲಿರುವ ಒಟ್ಟು ತಾಮ್ರವಲ್ಲ ಎಂಬುದನ್ನು ಮೊದಲೇ ವಿವರಿಸಬೇಕು. ತೋಟದ ಮಣ್ಣಿನ ಜೊತೆಗೆ, ಮದ್ದು ಬೀಳದ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮಣ್ಣನ್ನೂ ಪರೀಕ್ಷೆಗೆ ಕಳಿಸಿದರೆ ಹೋಲಿಸಲು ಬರುತ್ತದೆ. ನಲವತ್ತು ನಲವತ್ತೈದು ದಿನಗಳ ಮೇಲೆ ಎರಡನೆಯ ಮದ್ದು ಬರುವುದರೊಳಗೆ ಮಾದರಿ ತೆಗೆಯುವ ಕೆಲಸ ಮುಗಿಯಬೇಕು.