ಲೈಬ್ರರಿ ಹೇಗಿದೆ ಅಂತ ಕೇಳುವುದನ್ನು ಬಿಟ್ಟ ಮೇಲೆ

"ಲೈಬ್ರರಿ ಸೇವೆ ನಿಮಗೆ ತೃಪ್ತಿ ತಂದಿದೆಯೇ?" ಅಂತ ಆಸ್ಪತ್ರೆಯ ಸಿಬ್ಬಂದಿಯನ್ನು ಕೇಳಿ ನೋಡಿ. "ಚೆನ್ನಾಗಿದೆ ಸರ್" ಅಂತಾರೆ. ಲೈಬ್ರರಿಗೆ ಒಮ್ಮೆಯೂ ಕಾಲಿಡದವರೂ ಹಾಗೇ ಅಂತಾರೆ. ದಿನಾ ಕ್ಯಾಂಟೀನಿನಲ್ಲಿ ಎದುರು ಕೂತು ಟೀ ಕುಡಿಯುವ ಮನುಷ್ಯನಿಗೆ "ನಿಮ್ಮಿಂದ ನಮಗೇನೂ ಉಪಯೋಗ ಇಲ್ಲ" ಅನ್ನೋಕೆ ಯಾರಿಗೆ ಬಾಯಿ ಬರುತ್ತದೆ?

ನಾನು ಕೆಲಸ ಮಾಡುವುದು ಕೊಡಗಿನ ಒಂದು ಆಸ್ಪತ್ರೆಯ ಲೈಬ್ರರಿಯಲ್ಲಿ. ಪಕ್ಕದಲ್ಲೇ ನರ್ಸಿಂಗ್ ಶಾಲೆ. ಹಾಗಾಗಿ ಓದುವ ಮಕ್ಕಳೂ ಬರುತ್ತಾರೆ, ವಾರ್ಡಿನವರೂ ಬರಬೇಕು ಅಂತ ಲೆಕ್ಕ. ಪ್ರತಿವರ್ಷ ಇನ್ಸ್‌ಪೆಕ್ಷನ್‌ಗೆ ಮುಂಚೆ ಅಭಿಪ್ರಾಯದ ಫಾರಂ ಒಂದು ಎಲ್ಲ ವಿಭಾಗಕ್ಕೂ ಹೋಗಿ ಬರುತ್ತಿತ್ತು. ಅತ್ಯುತ್ತಮ, ಉತ್ತಮ, ಸಾಧಾರಣ ಅಂತ ಮನೆಗಳು, ಒಂದಕ್ಕೆ ಟಿಕ್ ಹಾಕಬೇಕು. ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ಇಡೀ ವಾರ್ಡಿನ ಟಿಕ್ಕುಗಳು ಬಿದ್ದಿರುತ್ತಿದ್ದವು. ಯಾರೋ ಒಬ್ಬರು ಕೂತು ಎಲ್ಲರ ಪರವಾಗಿ ತುಂಬಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಆ ಫಾರಂ ಈಗಲೂ ಇದೆ, ಫೈಲಿಗೆ ಅದು ಬೇಕು. ಆದರೆ ಅದನ್ನು ಓದಿಕೊಂಡು ನಾಳೆ ಬೆಳಿಗ್ಗೆ ಏನು ಬದಲಾಯಿಸಬೇಕು ಅಂತ ಹೇಳಲು ಬರಲ್ಲ.

ಈಗ ನಾವು ಕೇಳುವುದು ಬೇರೆ. "ಇತ್ತೀಚೆಗೆ ಡ್ಯೂಟಿಯಲ್ಲಿದ್ದಾಗ ಏನೋ ಒಂದು ವಿಷಯ ಗೊತ್ತಾಗಬೇಕಿತ್ತು, ಆದರೆ ಗೊತ್ತಿರಲಿಲ್ಲ, ಅಂಥದ್ದು ಯಾವಾಗ ಆಯ್ತು? ಆಗ ಏನು ಮಾಡಿದಿರಿ?" ಅಷ್ಟೇ. ಇದರಲ್ಲಿ ಲೈಬ್ರರಿ ಅನ್ನುವ ಮಾತೇ ಇಲ್ಲ. ಬೇಕಂತಲೇ ಬಿಟ್ಟಿದ್ದು. ಲೈಬ್ರರಿ ಅಂದ ಕೂಡಲೇ ಜನ ಪುಸ್ತಕ, ಕುರ್ಚಿ, ಫ್ಯಾನು ಅಂತ ಶುರು ಮಾಡುತ್ತಾರೆ.

ಈ ಉಪಾಯ ನನ್ನದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ಪೈಲಟ್‌ಗಳ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಇಂಥ ದಾರಿ ಹಿಡಿದರು. ಸುಮ್ನೆ ಅಭಿಪ್ರಾಯ ಕೇಳುವ ಬದಲು, ನಡೆದ ಒಂದು ಘಟನೆ ಹೇಳಿ ಅನ್ನುವುದು. 1954ರಲ್ಲಿ ಅವರು ಅದನ್ನು ಒಂದು ಕ್ರಮವಾಗಿ ಬರೆದು ಪ್ರಕಟಿಸಿದರು. ಆಸ್ಪತ್ರೆ ಲೈಬ್ರರಿಗಳ ಮಟ್ಟಿಗೆ ನಮ್ಮವರೆಲ್ಲ ಹೇಳುವುದು ರಾಚೆಸ್ಟರ್ ಅಧ್ಯಯನ. ಅಮೆರಿಕದ ಆ ಊರಿನ ಸುತ್ತಮುತ್ತಲ ವೈದ್ಯರಿಗೆ, ಕೈಯಲ್ಲಿರುವ ಒಂದು ಕೇಸಿನ ಬಗ್ಗೆ ಲೈಬ್ರರಿಯಿಂದ ಮಾಹಿತಿ ತರಿಸಿಕೊಳ್ಳಿ, ಆಮೇಲೆ ಏನಾಯ್ತು ಹೇಳಿ ಅಂದರು. 1992ರಲ್ಲಿ ಫಲಿತಾಂಶ ಬಂತು. ಉತ್ತರಿಸಿದ 208 ವೈದ್ಯರಲ್ಲಿ ಶೇ. 80ರಷ್ಟು ಜನ, ಆ ಮಾಹಿತಿಯಿಂದಾಗಿ ಚಿಕಿತ್ಸೆಯಲ್ಲಿ ಏನಾದರೊಂದು ಬದಲಾಯ್ತು, ಅಥವಾ ಬಹುಶಃ ಬದಲಾಯ್ತು ಅಂದರು. ನನಗೆ ಆ ಸಂಖ್ಯೆಗಿಂತ ಮುಖ್ಯವಾಗಿ ಕಂಡಿದ್ದು ಕೇಳಿದ ರೀತಿ. "ಲೈಬ್ರರಿ ಚೆನ್ನಾಗಿದೆಯಾ" ಅಂತ ಕೇಳಲಿಲ್ಲ, "ಈ ಕೇಸಿನಲ್ಲಿ ಏನಾಯ್ತು" ಅಂತ ಕೇಳಿದರು.

ನಮ್ಮಲ್ಲಿ ಹಾಗೆ ಕೇಳಿದಾಗ ಸಿಕ್ಕಿದ ಒಂದು ಉತ್ತರವನ್ನು ವಿವರವಾಗಿ ಹೇಳುತ್ತೇನೆ. ಕ್ಯಾಶುವಾಲಿಟಿಯ ಒಬ್ಬರು ಸಿಸ್ಟರ್ ಮೊದಲು, "ಇದು ಪುಸ್ತಕದ ವಿಷಯ ಅಲ್ಲ ಸರ್, ನಿಮಗೆ ಹೇಳಿ ಏನು ಪ್ರಯೋಜನ" ಅಂದರು. ಪರವಾಗಿಲ್ಲ ಹೇಳಿ ಅಂದೆ. ತೋಟದಲ್ಲಿ ಹಾವು ಕಚ್ಚಿದವರು ಬಂದಿದ್ದಾರೆ. ರಾತ್ರಿ ಹೊತ್ತು. ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡುವ ಇಪ್ಪತ್ತು ನಿಮಿಷದ ಪರೀಕ್ಷೆ ಮಾಡಬೇಕು. ಗಾಜಿನ ಟ್ಯೂಬು ಕೈಗೆ ಸಿಗಲಿಲ್ಲ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿದರೆ ನಡೆಯುತ್ತದಾ ಅಂತ ಇಬ್ಬರಿಗೆ ವಾದ. ಒಬ್ಬರು ನಡೆಯುತ್ತೆ ಅಂದರು, ಇನ್ನೊಬ್ಬರು ಇಲ್ಲ ಅಂದರು. ಫೋನಿನಲ್ಲಿ ನೋಡೋಣ ಅಂದರೆ ಮಳೆಗೆ ನೆಟ್‌ವರ್ಕ್ ಹೋಗಿತ್ತು. ಕೊನೆಗೆ ಲ್ಯಾಬಿಗೆ ಓಡಿ ಗಾಜಿನದ್ದೇ ತಂದರು.

ಇದಕ್ಕಿಂತ ಲೈಬ್ರರಿಯ ವಿಷಯ ಇನ್ನೊಂದು ಇರಲಿಕ್ಕಿಲ್ಲ. ಉತ್ತರ ಸ್ಪಷ್ಟವಾಗಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾಕ್ಕೆಂದು 2016ರಲ್ಲಿ ಹೊರತಂದ ಹಾವು ಕಡಿತದ ಮಾರ್ಗಸೂಚಿಯಲ್ಲೇ ಇದೆ. ಹೊಸ, ಶುಭ್ರವಾದ, ಒಣಗಿದ ಗಾಜಿನ ಟ್ಯೂಬು ಬೇಕು. ಅದರಲ್ಲಿ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟಲು ಗಾಜಿನ ಮೈಯೇ ಪ್ರಚೋದನೆ. ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬಾದರೂ ಆ ಗುಣ ಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಒಳ್ಳೆಯ ರಕ್ತವೂ ನೀರಾಗೇ ಉಳಿಯಬಹುದು, ವಿಷ ಏರಿದೆ ಅಂತ ನಾವು ತಪ್ಪು ತಿಳಿಯಬಹುದು. ಹೆಪ್ಪುಗಟ್ಟಿಸುವ ಮದ್ದು ಲೇಪಿಸಿದ ಟ್ಯೂಬಾದರೆ ಲೆಕ್ಕ ಇನ್ನೊಂದು ಕಡೆಗೆ ತಪ್ಪುತ್ತದೆ.

ಲೈಬ್ರರಿಯಲ್ಲಿ ಆ ಮಾರ್ಗಸೂಚಿಯ ಪ್ರತಿ ಇತ್ತು. ಕಂಪ್ಯೂಟರಿನಲ್ಲಿ ಇತ್ತು. ರಾತ್ರಿ ಲೈಬ್ರರಿಗೆ ಬೀಗ. ಇದ್ದೂ ಏನು ಉಪಯೋಗ ಅಲ್ವಾ?

ಫಿಸಿಷಿಯನ್ ಸರ್ ಮತ್ತು ಲ್ಯಾಬಿನವರ ಜೊತೆ ಕೂತು ಒಂದೇ ಪುಟಕ್ಕೆ ಅದನ್ನು ಇಳಿಸಿದೆವು. ಅವರು ಓದಿ ಸಹಿ ಹಾಕಿದ ಮೇಲೇ ಗೋಡೆಗೆ ಹೋಗಿದ್ದು. ಮಾಹಿತಿ ಹುಡುಕಿ ಕೊಡುವುದು ನನ್ನ ಕೆಲಸ, ಚಿಕಿತ್ಸೆ ಹೀಗೇ ಅಂತ ಹೇಳುವುದು ಅವರ ಕೆಲಸ. ಈ ಗೆರೆ ದಾಟಬಾರದು. ನಮ್ಮಲ್ಲಿ ಸಿಗುವ ಆಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಪಶ್ಚಿಮ ಘಟ್ಟದ ಹಂಪ್ ನೋಸ್ಡ್ ಪಿಟ್ ವೈಪರ್ ಅನ್ನುವ ಹಾವಿಗೆ ಅದು ನಾಟುವುದಿಲ್ಲ. ತೋಟದ ಕೆಲಸದವರನ್ನು ನೋಡುವ ಆಸ್ಪತ್ರೆಗೆ ಇದೂ ಗೊತ್ತಿರಬೇಕು ಅಂತ ಡಾಕ್ಟರೇ ಸೇರಿಸಿದರು. ಹಾಳೆಯ ಕೆಳಗೆ ಎರಡು ದಿನಾಂಕ ಹಾಕುತ್ತೇವೆ, ಯಾವಾಗ ಪರಿಶೀಲಿಸಿದ್ದು, ಮತ್ತೆ ಯಾವಾಗ ಪರಿಶೀಲಿಸಬೇಕು. ಆಸ್ಪತ್ರೆ ಗೋಡೆಯ ಮೇಲೆ ದಿನಾಂಕ ಇಲ್ಲದ ಚಾರ್ಟಿನಷ್ಟು ಅಪಾಯದ್ದು ಬೇರೆ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಲ್ಯಾಮಿನೇಟ್ ಕೂಡ ಮಾಡಿಸಲೇಬೇಕು. ಜೂನ್ ಬಂತು ಅಂದರೆ ನಮ್ಮಲ್ಲಿ ಕಾಗದ ಹಪ್ಪಳದಂತೆ ಮೆತ್ತಗಾಗುತ್ತದೆ. ಗಾಜಿನ ಟ್ಯೂಬಿನ ಡಬ್ಬಿ ಕ್ಯಾಶುವಾಲಿಟಿಯಲ್ಲೇ ಇರಲಿ ಅಂತ ಸ್ಟೋರ್ಸಿಗೆ ಇಂಡೆಂಟ್ ಹಾಕಿದ್ದು ಸಿಸ್ಟರ್. ಅದಕ್ಕೆ ಲೈಬ್ರರಿ ಏನೂ ಮಾಡಬೇಕಾಗಲಿಲ್ಲ.

ಒಳ್ಳೆಯ ಪ್ರಶ್ನೆ ಇದ್ದರೆ ಸಾಲದು. ಎಲ್ಲಿ, ಯಾವಾಗ, ಯಾರು ಕೇಳುತ್ತಾರೆ ಅನ್ನುವುದರ ಮೇಲೂ ಉತ್ತರ ನಿಂತಿರುತ್ತದೆ. ಅಭಿಪ್ರಾಯದ ಪೆಟ್ಟಿಗೆ ಇಡಿ, ಹೆಸರು ಬರೆಯಬೇಕಾಗಿಲ್ಲ ಅಂತ ಸಲಹೆ ಕೊಡುವವರು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿರಲಿಕ್ಕಿಲ್ಲ. ಇಲ್ಲಿ ಎಲ್ಲರೂ ಎಲ್ಲರ ಕೇಸ್ ಶೀಟ್ ಓದಿದವರು. ಅಕ್ಷರ ನೋಡಿದರೆ ಯಾರು ಬರೆದದ್ದು ಅಂತ ಹೇಳುತ್ತಾರೆ. ಹಾಗಾಗಿ ಪೆಟ್ಟಿಗೆಗೆ ಬೀಳುವುದು ಚಾಕೊಲೇಟ್ ಕಾಗದ ಮಾತ್ರ. ಬಾಯಲ್ಲಿ ಹೇಳಿದ್ದನ್ನು ನಾನು ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಹೆಸರು ಬರೆಯುವುದಿಲ್ಲ, ವಾರ್ಡು ಮತ್ತು ಪಾಳಿ ಮಾತ್ರ. ಬರೆದದ್ದನ್ನು ಅವರಿಗೇ ತೋರಿಸುತ್ತೇನೆ. ರೋಗಿಯ ಹೆಸರು, ದಾಖಲಾದಾಗ ಕೊಡುವ ಐಪಿ ನಂಬರ್ ಹೇಳಲು ಹೋದರೆ ಅಲ್ಲೇ ತಡೆಯುತ್ತೇನೆ.

ಪಾಳಿ ಬದಲಾಗುವ ಹೊತ್ತಿಗೆ ಹೋಗಿ ನಿಂತರೆ ಎಲ್ಲರೂ ಸಿಗುತ್ತಾರೆ ಅನಿಸುತ್ತದೆ. ಸಿಗುತ್ತಾರೆ, ಆದರೆ ಅವರ ಮನಸ್ಸು ಸಿಗಲ್ಲ. ಹೋಗುವವರಿಗೆ ಬಸ್ಸಿನ ಚಿಂತೆ, ಬರುವವರಿಗೆ ಹ್ಯಾಂಡೋವರ್, ಅಂದರೆ ರೋಗಿಗಳ ವಿವರ ಒಪ್ಪಿಸಿಕೊಳ್ಳುವ ಚಿಂತೆ. ವಿರಾಜಪೇಟೆ ಕಡೆಗೋ ಸೋಮವಾರಪೇಟೆ ಕಡೆಗೋ ಹೋಗುವ ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಎಷ್ಟು ಕಾಯಬೇಕು ಅನ್ನುವುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹ್ಯಾಂಡೋವರ್ ಮುಗಿದು, ಔಷಧಿ ಸುತ್ತು ಶುರುವಾಗುವ ಮುಂಚಿನ ಸ್ವಲ್ಪ ಹೊತ್ತು ಒಳ್ಳೆಯದು. ರಾತ್ರಿ ಪಾಳಿಯವರು ಬೆಳಗಿನ ಜಾವ ಚಾರ್ಟ್ ಬರೆಯುವಾಗ ಇನ್ನೂ ಒಳ್ಳೆಯದು, ಆ ಹೊತ್ತಿನಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಹುತ್ತರಿ, ಕೈಲ್ ಮುಹೂರ್ತ ಹಬ್ಬಗಳ ಆಸುಪಾಸು ಹೋಗಲೇಬೇಡಿ. ರಜೆಗೆ ಹೊಂದಿಸುವುದರಲ್ಲೇ ಎಲ್ಲರ ತಲೆ ಬಿಸಿ ಇರುತ್ತದೆ.

ಯಾರು ಕೇಳುತ್ತಾರೆ ಅನ್ನುವುದಂತೂ ಇನ್ನೂ ಸೂಕ್ಷ್ಮ. ನರ್ಸ್‌ಗಳ ಮೇಲ್ವಿಚಾರಕರಾದ ಮೇಟ್ರನ್ ಮೇಡಂ ಪಕ್ಕದಲ್ಲಿ ನಿಂತಿದ್ದರೆ "ನನಗೆ ಇದು ಗೊತ್ತಿರಲಿಲ್ಲ" ಅಂತ ಯಾವ ಸಿಸ್ಟರೂ ಬಾಯಿ ಬಿಡುವುದಿಲ್ಲ. ಮೇಡಂ ಎಷ್ಟು ಒಳ್ಳೆಯವರಾದರೂ ಅಷ್ಟೇ. ಗೊತ್ತಿಲ್ಲ ಅನ್ನುವುದು ಆಸ್ಪತ್ರೆಯಲ್ಲಿ ತಪ್ಪಿನ ಹಾಗೆ ಕೇಳುತ್ತದೆ. ನಮ್ಮ ಮೇಟ್ರನ್ ಮೇಡಂಗೆ ಇದನ್ನು ಹೇಳಿದಾಗ ನಕ್ಕರು. "ಹಾಗಾದರೆ ನನ್ನನ್ನು ಬೇರೆಯಾಗಿ ಕೇಳಿ, ನನಗೂ ಗೊತ್ತಿಲ್ಲದ್ದು ಬೇಕಾದಷ್ಟು ಉಂಟು" ಅಂದರು. ಅವರು ಕೊಟ್ಟ ಪಟ್ಟಿ ಎಲ್ಲರದಕ್ಕಿಂತ ಉದ್ದ ಇತ್ತು.

ಭಾಷೆಯೂ ಅಷ್ಟೇ. ನಮ್ಮಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಕನ್ನಡ ಎಲ್ಲ ಕೇಳಿಸುತ್ತದೆ. ಫಾರಂ ಇದ್ದದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಒಂದು ಸಾಲು ಬರುತ್ತದೆ, ಅದೂ ಪರೀಕ್ಷೆಗೆ ಬರೆದ ಹಾಗೆ. ಕಣ್ಣೂರಿನ ಕಡೆಯ ಸಿಸ್ಟರ್ ಒಬ್ಬರು ವಾಟ್ಸಾಪಿನಲ್ಲಿ ಮಲಯಾಳಂ ವಾಯ್ಸ್ ಮೆಸೇಜ್ ಕಳಿಸಿದರು, ಡ್ರಿಪ್ಪಿನಲ್ಲಿ ಯಾವ ಇಂಜೆಕ್ಷನ್ ಜೊತೆ ಯಾವುದು ಸೇರಿಸಬಾರದು ಅನ್ನುವುದರ ಬಗ್ಗೆ. ಇಂಗ್ಲಿಷ್ ಫಾರಂನಲ್ಲಿ ಅವರು ಬರೆದಿದ್ದು "ಗುಡ್" ಅಂತ ಒಂದೇ ಪದ.

ಲೈಬ್ರರಿಗೆ ಬಾರದವರ ಮಾತಿಗೆ ಬರುತ್ತೇನೆ. ಲೈಬ್ರರಿಯೊಳಗೆ ಕೂತವರನ್ನು ಕೇಳಿದರೆ ಒಳಗೆ ಬರುವವರ ಕಷ್ಟ ಮಾತ್ರ ಗೊತ್ತಾಗುತ್ತದೆ. ಎಷ್ಟೋ ವರ್ಷದಿಂದ ಇರುವ ಫಾರ್ಮಸಿಯ ಅಕ್ಕ ಒಬ್ಬರು, "ಲೈಬ್ರರಿ ನಮಗೂ ಉಂಟಾ? ಅದು ಡಾಕ್ಟರಿಗೆ ಮತ್ತೆ ಓದುವ ಮಕ್ಕಳಿಗೆ ಅಲ್ವಾ?" ಅಂತ ಕೇಳಿದರು. ಬಾಗಿಲಲ್ಲಿ ಇದ್ದ ಬೋರ್ಡು ನೋಡಿದೆ. "ವಿದ್ಯಾರ್ಥಿಗಳು ಐಡಿ ಕಾರ್ಡ್ ತೋರಿಸತಕ್ಕದ್ದು" ಅಂತ ದೊಡ್ಡದಾಗಿ ಇತ್ತು, ಉಳಿದವರ ಬಗ್ಗೆ ಒಂದು ಮಾತೂ ಇರಲಿಲ್ಲ. ಹೊಸ ಬೋರ್ಡಿನಲ್ಲಿ ಲ್ಯಾಬ್, ಫಾರ್ಮಸಿ, ಆಫೀಸು, ಆಂಬುಲೆನ್ಸ್, ಹೌಸ್‌ಕೀಪಿಂಗ್ ಅಂತ ಹೆಸರು ಹಿಡಿದೇ ಬರೆಸಿದೆವು. "ಎಲ್ಲರಿಗೂ ಸ್ವಾಗತ" ಅಂತ ಬರೆಸಿದ್ದರೆ ಯಾರೂ ಅದನ್ನು ತಮಗೆ ಅಂತ ಅಂದುಕೊಳ್ಳುತ್ತಿರಲಿಲ್ಲ.

ಹೌಸ್‌ಕೀಪಿಂಗಿನವರು ಹೇಳಿದ್ದು ಬೂಷ್ಟಿನ ಬಗ್ಗೆ. ಗೋಡೆಗೆ ಒತ್ತಿಕೊಂಡ ಬೀರುಗಳ ಹಿಂದೆ ಮಳೆಗಾಲದಲ್ಲಿ ಪೂರ್ತಿ ಬೂಷ್ಟು, ಗುಡಿಸಲು ಹೋದರೆ ಸೀನು ನಿಲ್ಲಲ್ಲ ಅಂತ. ಬೀರುಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಸಿದೆವು. ಹಳೇ ಆವೃತ್ತಿಯ ಪುಸ್ತಕಗಳನ್ನು ತೆಗೆಸಿದೆವು. ತೆಗೆಸಲು ಕಮಿಟಿ, ಪಟ್ಟಿ, ಸಹಿ ಎಲ್ಲ ಬೇಕಾಯ್ತು. ಅದನ್ನೆಲ್ಲ ಇಲ್ಲಿ ಬರೆದು ನಿಮಗೆ ಬೇಜಾರು ಮಾಡುವುದಿಲ್ಲ.

ಬಂದ ಮಾತುಗಳನ್ನು ಶೇಕಡಾ ಲೆಕ್ಕಕ್ಕೆ ಇಳಿಸಬೇಡಿ ಅಂತ ಮಾತ್ರ ಹೇಳುತ್ತೇನೆ. ಸಣ್ಣ ಆಸ್ಪತ್ರೆಯಲ್ಲಿ ಇಬ್ಬರು ಹೇಳಿದ್ದು ಗ್ರಾಫಿನಲ್ಲಿ ಕಾಣುವುದೇ ಇಲ್ಲ. ಟ್ಯೂಬಿನ ಮಾತು ಹೇಳಿದ್ದು ಒಬ್ಬರೇ. ಎಸಿ ಬೇಕು ಅಂದವರು ಜಾಸ್ತಿ, ಅದೂ ಕೊಡಗಿನಂಥ ತಂಪಿನ ಜಿಲ್ಲೆಯಲ್ಲಿ! ಎಷ್ಟು ಜನ ಹೇಳಿದರು ಅನ್ನುವುದಕ್ಕಿಂತ, ಗೊತ್ತಾಗದೇ ಹೋದರೆ ರೋಗಿಗೆ ಏನಾಗುತ್ತದೆ ಅಂತ ನೋಡಿ ನಾವು ಸಾಲು ಹಚ್ಚುತ್ತೇವೆ.

ಕೇಳಿದ ಮೇಲೆ ಏನಾಯ್ತು ಅಂತ ಹೇಳದಿದ್ದರೆ ಮುಂದಿನ ಸಲ ಯಾರೂ ಬಾಯಿ ತೆರೆಯುವುದಿಲ್ಲ. ಕ್ಯಾಂಟೀನಿನ ಕೈತೊಳೆಯುವ ಜಾಗದ ಪಕ್ಕ ಒಂದು ಬೋರ್ಡು ಹಾಕಿದ್ದೇವೆ. ಎಡಕ್ಕೆ ನೀವು ಹೇಳಿದ್ದು, ಬಲಕ್ಕೆ ಆಗಿದ್ದು. ಆಗದೇ ಇದ್ದದ್ದನ್ನೂ ಬರೆಯುತ್ತೇವೆ, ಕಾರಣದ ಸಮೇತ. "ರಾತ್ರಿಯಿಡೀ ಲೈಬ್ರರಿ ತೆರೆದಿಡಿ: ಆಗಲಿಲ್ಲ, ಕೂರಲು ಜನ ಇಲ್ಲ. ಆದರೆ ಮುಖ್ಯ ಮಾರ್ಗಸೂಚಿಗಳನ್ನೆಲ್ಲ ಕ್ಯಾಶುವಾಲಿಟಿಯ ಕಂಪ್ಯೂಟರಿಗೆ ಹಾಕಿದ್ದೇವೆ, ಇಂಟರ್‌ನೆಟ್ ಬೇಡ." "ದುಬಾರಿ ಡೇಟಾಬೇಸ್ ತರಿಸಿ: ಈ ವರ್ಷ ಹಣ ಇಲ್ಲ. ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್ ತಾಣ ಉಚಿತ, ಹುಡುಕುವುದು ಹೇಗೆ ಅಂತ ವಾರ್ಡಿಗೇ ಬಂದು ತೋರಿಸುತ್ತೇವೆ." ಆಗಲಿಲ್ಲ ಅಂತ ಬರೆದ ಸಾಲುಗಳ ಮುಂದೆಯೇ ಜನ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಅಲ್ಲೇ ಹೊಸ ಸಲಹೆಗಳೂ ಹುಟ್ಟುತ್ತವೆ.

ಸದ್ಯ ನಮ್ಮ ಮುಂದಿರುವುದು ಆಂಬುಲೆನ್ಸ್ ಡ್ರೈವರ್ ಒಬ್ಬರು ಕೇಳಿದ್ದು. "ರಸ್ತೆಗೆ ಮಣ್ಣು ಕುಸಿದಿರುತ್ತೆ ಸರ್. ಬಳಸಿಕೊಂಡು ಹೋಗಬೇಕಾದಾಗ ಯಾವ ಆಸ್ಪತ್ರೆಯಲ್ಲಿ ಆಂಟಿವೆನಮ್ ಸ್ಟಾಕ್ ಉಂಟು, ಎಲ್ಲಿ ಇಲ್ಲ ಅಂತ ನನಗೆ ಮೊದಲೇ ಗೊತ್ತಿರಬೇಕು." ಇದು ಲೈಬ್ರರಿಯ ಕೆಲಸವಾ ಅಂತ ಮೀಟಿಂಗಿನಲ್ಲಿ ಚರ್ಚೆಯಾಯ್ತು. ಸ್ಟಾಕ್ ಲೆಕ್ಕ ಫಾರ್ಮಸಿಯವರದ್ದು, ರಸ್ತೆ ವಿಷಯ ಇನ್ಯಾರದ್ದೋ. ಆದರೆ ಆ ಪಟ್ಟಿ ಸದ್ಯಕ್ಕೆ ಯಾರ ಹತ್ತಿರವೂ ಒಂದೇ ಕಡೆ ಇಲ್ಲ. ಫಾರ್ಮಸಿಯ ಅಕ್ಕ ಪ್ರತಿ ಸೋಮವಾರ ಫೋನ್ ಮಾಡಿ ವಿಚಾರಿಸುವುದು, ನಾನು ಒಂದು ಹಾಳೆಗೆ ಇಳಿಸಿ ದಿನಾಂಕ ಹಾಕಿ ಡ್ರೈವರ್‌ಗಳ ಗ್ರೂಪಿಗೆ ಕಳಿಸುವುದು, ಮಳೆಗಾಲ ಮುಗಿಯುವವರೆಗೆ ಹೀಗೆ ಮಾಡಿ ನೋಡೋಣ ಅಂತ ತೀರ್ಮಾನ ಆಗಿದೆ.